ಖಾಲಿ ದಿಕ್ಕಿನ ಮೂವತ್ತೇಳು ನಕ್ಷತ್ರಗಳು

ವೀಕ್ಷಣಾಲಯದಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಆಕಾಶದ ಯಾವುದೋ ಮೂಲೆಯಲ್ಲಿ ಒಂದು ನಕ್ಷತ್ರ ಸಿಡಿದು ಸತ್ತು, ಅದರ ಬೆಳಕು ಕೋಟ್ಯಂತರ ವರ್ಷ ನಡೆದು ಬಂದು ದೂರದರ್ಶಕದೊಳಗೆ ಬಿದ್ದರೆ, ಕೊನೆಗೆ ಅದು ಸೇರುತ್ತಿದ್ದದ್ದು ಇವಳ ಪಟ್ಟಿಗೆ. ಒಂದು ನಕ್ಷತ್ರಕ್ಕೆ ಒಂದು ಸಾಲು: ಅದರ ಸಂಖ್ಯೆ, ದಿಕ್ಕು, ನಮ್ಮಿಂದ ಎಷ್ಟು ವೇಗವಾಗಿ ದೂರ ಸರಿಯುತ್ತಿದೆ ಎಂಬುದು, ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದು. ವಿಶ್ವ ಹೇಗೆ ಹಿಗ್ಗುತ್ತಿದೆ ಎಂದು ದೊಡ್ಡವರು ಬರೆಯುತ್ತಿದ್ದ ಪ್ರಬಂಧಗಳೆಲ್ಲ ಆ ಸಾಲುಗಳ ಮೇಲೆ ನಿಂತಿದ್ದವು. ಹದಿನೆಂಟು ವರ್ಷಗಳಿಂದ ಪಟ್ಟಿಯನ್ನು ತಿದ್ದುವ ಹಕ್ಕು ಅವಳೊಬ್ಬಳದೇ.

ಹಾಗಿದ್ದರೂ ಅವಳಿಗೆ ಕಂಪ್ಯೂಟರಿನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ತಿಂಗಳಿಗೊಮ್ಮೆ ಇಡೀ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿ ಕಬ್ಬಿಣದ ಬೀರುವಿನಲ್ಲಿಡುತ್ತಿದ್ದಳು. ಬೀರುವಿನ ಬಾಗಿಲು ತೆರೆದಾಗಲೆಲ್ಲ ಪಕ್ಕದ ಕೋಣೆಯವರು, "ಅಕ್ಕ ಹಳೇ ಪೇಪರ್ ಅಂಗಡಿ ತೆಗೆದ್ರು" ಎಂದು ನಗುತ್ತಿದ್ದರು. ನಗಲಿ ಎಂದು ಅವಳು ಕಟ್ಟಿಗೆ ದಾರ ಬಿಗಿದು ಬಾಗಿಲು ಹಾಕುತ್ತಿದ್ದಳು.

ಆ ಸೋಮವಾರ ಬೆಳಿಗ್ಗೆ ಅವಳು ಒಂದು ಸಣ್ಣ ಅನುಮಾನಕ್ಕೆ ಕಾಗದ ತೆಗೆದಿದ್ದಳು. ಇನ್ನೂರ ಹನ್ನೆರಡನೆಯ ನಕ್ಷತ್ರದ ಅಂಕಿಯನ್ನು ಅವಳೇ ಕೈಯಾರೆ ಬರೆದ ನೆನಪು. ಪರದೆಯ ಮೇಲಿನ ಅಂಕಿ ಯಾಕೋ ಅಪರಿಚಿತನ ಮುಖದಂತೆ ಕಂಡಿತ್ತು. ಕಾಗದ ನೋಡಿದಳು. ಹೌದು, ಬೇರೆ. ವೇಗ ಅದೇ, ದಿಕ್ಕು ಅದೇ, ಮಂಕಿನ ಅಂಕಿ ಮಾತ್ರ ಎರಡನೆಯ ದಶಾಂಶದಲ್ಲಿ ಕಡಿಮೆಯಾಗಿತ್ತು. ಅಂದರೆ ನಕ್ಷತ್ರ ಮೊದಲಿಗಿಂತ ಕೊಂಚ ಹೊಳಪಾಗಿತ್ತು. ಸತ್ತ ನಕ್ಷತ್ರ ಪಟ್ಟಿಯೊಳಗೆ ಕೂತು ಹೊಳಪು ಏರಿಸಿಕೊಳ್ಳುವುದುಂಟೆ?

ಸ್ಕೇಲು ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಅಂಥವು ಮೂವತ್ತೇಳು ಸಿಕ್ಕವು. ಮೂವತ್ತೇಳೂ ಹೊಳಪು ಏರಿದವೇ; ಒಂದೂ ಮಂಕಾಗಿರಲಿಲ್ಲ. ಮೂವತ್ತೇಳೂ ಇದ್ದದ್ದು ಆಕಾಶದ ಒಂದೇ ಕಡೆ, ಕಚೇರಿಯವರು 'ಖಾಲಿ ದಿಕ್ಕು' ಎನ್ನುತ್ತಿದ್ದ ಕಡೆ. ಅಲ್ಲಿ ಬಹುದೂರದವರೆಗೆ ಗೆಲಾಕ್ಸಿಗಳೇ ಅಪರೂಪ; ಬರೀ ಬಯಲು. ಆ ಬಯಲನ್ನು ಹಾದು ಬಂದ ಬೆಳಕುಗಳ ಅಂಕಿ ಮಾತ್ರ ಬದಲಾಗಿತ್ತು.

ಯಂತ್ರದ ತಪ್ಪಾಗಿದ್ದರೆ ಅಲ್ಲೊಂದು ಇಲ್ಲೊಂದು ಕೆಡುತ್ತಿತ್ತು. ಇಷ್ಟು ಅಚ್ಚುಕಟ್ಟಾಗಿ ಕೆಡಿಸಲು ಒಂದು ಕೈ ಬೇಕು, ಆ ಕೈಯ ಹಿಂದೆ ಒಂದು ಆಸೆ ಬೇಕು. ತಿದ್ದುಪಡಿಯ ದಾಖಲೆ ತೆರೆದು ನೋಡಿದಳು. ಹಿಂದಿನ ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ತಿದ್ದಿದವರ ಹೆಸರು: ಅವಳದೇ.

ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ದಾಖಲೆ ಹೇಳುತ್ತಿತ್ತು.

ಮಂಗಳವಾರ, ಗುರುವಾರ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಆ ಗುರುವಾರವೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಿದ್ದಳು. ಗಂಡ ಹಲ್ಲಿನ ಡಾಕ್ಟರು. ಕನ್ನಡಕ ಮರೆತು ಹೋಗಿ, "ಇಲ್ಲಿ ಹಲ್ಲು ಯಾವುದು ಒಸಡು ಯಾವುದು ಕಾಣ್ತಿಲ್ಲ, ತಂದ್ಕೊಡು ಮಾರಾಯ್ತಿ" ಎಂದು ಫೋನು ಮಾಡಿದ್ದರು. ಎರಡೂವರೆಗೆ ಅದನ್ನು ಹಾಗೇ ಬಿಟ್ಟು ಹೊರಟವಳು ಮನೆಗೆ ಮರಳಿದ್ದು ನಾಲ್ಕಕ್ಕೆ. ಅಷ್ಟು ಹೊತ್ತು ಮನೆಯಲ್ಲಿದ್ದದ್ದು ಒಬ್ಬರೇ. ಮಾವ.

ಮಾವನ ಹೆಸರು ಮನಸ್ಸಿಗೆ ಬಂದ ಕೂಡಲೇ ಅವಳು ಅದನ್ನು ತಳ್ಳಿಹಾಕಲು ನೋಡಿದಳು. ಆದರೆ ಬಂದದ್ದು ಹೋಗಲಿಲ್ಲ.

ಮಾವನೂ ಅದೇ ವೀಕ್ಷಣಾಲಯದಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ದೂರದ ನಕ್ಷತ್ರಗಳು ನಿರೀಕ್ಷೆಗಿಂತ ಮಂಕಾಗಿ ಕಾಣುವುದರಿಂದ ವಿಶ್ವದ ಹಿಗ್ಗುವಿಕೆ ದಿನೇ ದಿನೇ ಜೋರಾಗುತ್ತಿದೆ, ಅದನ್ನು ತಳ್ಳುವ ಕಾಣದ ಶಕ್ತಿಯೊಂದಿದೆ ಎಂದು ಎಲ್ಲರೂ ನಂಬಿದ್ದರು. ಆ ಶಕ್ತಿಗೆ ಡಾರ್ಕ್ ಎನರ್ಜಿ ಎಂಬ ಹೆಸರೂ ಇತ್ತು. ಮಾವನಿಗೆ ಮಾತ್ರ ಅದರ ಮೇಲೆ ಮೊದಲಿನಿಂದಲೂ ಸಂಶಯ. ಅವರು ಹೇಳುತ್ತಿದ್ದದ್ದು ಇಷ್ಟೇ: ವಿಶ್ವದಲ್ಲಿ ವಸ್ತು ಒಂದೇ ಸಮನಾಗಿ ಹರಡಿಕೊಂಡಿಲ್ಲ. ಒಂದು ಕಡೆ ಗೆಲಾಕ್ಸಿಗಳು ಗುಂಪು ಕಟ್ಟಿವೆ, ಇನ್ನೊಂದು ಕಡೆ ಬಟಾ ಬಯಲು. ನಾವು ಲೆಕ್ಕ ಹಾಕುವಾಗ ಮಾತ್ರ ಎಲ್ಲವನ್ನೂ ತಟ್ಟಿ ಸಮ ಮಾಡಿಬಿಡುತ್ತೇವೆ.

ಮದುವೆಯಾದ ಹೊಸತರಲ್ಲಿ ಅವಳಿಗೆ ಅದನ್ನು ವಿವರಿಸಲು ಅವರು ತಮ್ಮ ಸ್ವೆಟರನ್ನೇ ಬಿಚ್ಚಿ ಕೈಗೆ ಕೊಟ್ಟಿದ್ದರು. "ಎರಡೂ ಕಡೆ ಹಿಡಿದು ಎಳಿ ನೋಡೋಣ. ಹೆಣಿಗೆ ಬಿಗಿ ಇರೋ ಕಡೆ ಅಷ್ಟಾಗಿ ಹಿಗ್ಗಲ್ಲ, ಸಡಿಲ ಇರೋ ಕಡೆ ಜಾಸ್ತಿ ಹಿಗ್ಗುತ್ತೆ. ದಿನ ಕಳೆದ ಹಾಗೆ ಸ್ವೆಟರಲ್ಲಿ ಸಡಿಲವೇ ಜಾಸ್ತಿ ಆಗುತ್ತೆ. ಆಗ ನೋಡಿದವರು, ಯಾರೋ ಕಾಣದವರು ಬಂದು ಎಳೀತಿದ್ದಾರೆ ಅಂತಾರೆ. ಯಾರೂ ಬಂದಿಲ್ಲ. ಹೆಣಿಗೇನೇ ಹಾಗಿದೆ. ಖಾಲಿ ಜಾಗ ದಾಟಿ ಬರೋ ಬೆಳಕೂ ಅಷ್ಟೇ, ಸ್ವಲ್ಪ ಹೆಚ್ಚು ಮಂಕಾಗುತ್ತೆ."

ಈ ಮಾತನ್ನು ಅವರು ಒಂದು ದೊಡ್ಡ ಸಭೆಯಲ್ಲೂ ಹೇಳಿದ್ದರು. ಆಗ ಎದ್ದು ನಿಂತವರು ಅವರದೇ ಶಿಷ್ಯ, ಈಗ ವೀಕ್ಷಣಾಲಯದ ಮುಖ್ಯಸ್ಥರು. "ಮೇಷ್ಟ್ರೇ, ಅಷ್ಟು ಸಣ್ಣ ಉಬ್ಬುತಗ್ಗಿಂದ ಇಷ್ಟು ದೊಡ್ಡ ಪರಿಣಾಮ ಬರುತ್ತೆ ಅನ್ನೋದು, ಇರುವೆ ಮಗ್ಗಲು ಬದಲಾಯಿಸಿದ್ದಕ್ಕೆ ಭೂಕಂಪ ಆಯ್ತು ಅಂದ ಹಾಗಾಯ್ತು" ಎಂದಿದ್ದರು. ಸಭೆಗೆ ಸಭೆಯೇ ನಕ್ಕಿತ್ತು. ಮಾವ ತಮ್ಮ ಕಾಗದಗಳನ್ನು ಮಡಿಸಿಕೊಂಡು ಕೆಳಗಿಳಿದರು. ಅವಧಿಗೆ ಒಂದು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡರು. ಮತ್ತೆ ಆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ.

ಈಗ ಯಾರೋ, ಬಯಲಿನಿಂದಾದ ಮಂಕನ್ನು ಕಳೆದ ಹಾಗೆ, ಖಾಲಿ ದಿಕ್ಕಿನ ಮೂವತ್ತೇಳು ನಕ್ಷತ್ರಗಳನ್ನು ಒರೆಸಿ ಹೊಳಪು ಮಾಡಿದ್ದರು. ಮಂಕು ಕಡಿಮೆಯಾದಷ್ಟೂ ತಳ್ಳುವ ಶಕ್ತಿಯೂ ಕಡಿಮೆ ಬೇಕು; ಇದೇ ಪಟ್ಟಿಯಿಂದ ಲೆಕ್ಕ ಹಾಕಿದರೆ ಡಾರ್ಕ್ ಎನರ್ಜಿ ಅಷ್ಟರಮಟ್ಟಿಗೆ ಕಡಿಮೆ ಸಾಕು ಎಂಬ ಉತ್ತರ ಬರುತ್ತಿತ್ತು. ಮೇಷ್ಟ್ರು ಹೇಳಿದ್ದೇ ಸರಿ ಎಂದಾಗುತ್ತಿತ್ತು. ಹಾಗಾಗಲಿ ಎಂದು ಬಯಸುವವರು ಅವಳಿಗೆ ಗೊತ್ತಿದ್ದಂತೆ ಜಗತ್ತಿನಲ್ಲಿ ಒಬ್ಬರೇ. ಅವರು ಈಗ ಮನೆಯ ಬಾಲ್ಕನಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿರಬಹುದು.

ಅಂದು ಸಂಜೆ ಮನೆಗೆ ಬಂದವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾವನನ್ನು ನೋಡತೊಡಗಿದಳು. ನೋಡಲು ಕೂತರೆ ಎಲ್ಲವೂ ಕಂಡಿತು. ಮಾವ ಏನೋ ಬರೆಯುತ್ತಿದ್ದವರು ಇವಳನ್ನು ಕಂಡು ನೋಟ್‌ಬುಕ್ ಮುಚ್ಚಿದರು. ಫೋನು ಬಂತು; ಎದ್ದು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು ಮಾತಾಡಿದರು. ಇಪ್ಪತ್ತು ನಿಮಿಷ. ಎರಡು ಮಾತಿನಲ್ಲಿ ಫೋನು ಮುಗಿಸುವ ಮನುಷ್ಯ ಅವರು.

"ಯಾರು ಮಾವ ಫೋನಲ್ಲಿ?"

"ಹಳೆಯ ಪರಿಚಯದವರು."

ಅಷ್ಟೇ. ಅವಳು ಲ್ಯಾಪ್‌ಟಾಪನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಸ್ನಾನಕ್ಕೆ ಹೋಗುವಾಗಲೂ ಅದನ್ನು ಜೊತೆಗೇ ಒಯ್ದದ್ದನ್ನು ಕಂಡು ಗಂಡ ಕೇಳಿದರು:

"ಅದಕ್ಕೂ ಸೋಪು ಹಾಕ್ತೀಯಾ?"

ಅವಳು ಬಾಗಿಲು ಮುಚ್ಚಿ ಮೆಲುದನಿಯಲ್ಲಿ ಎಲ್ಲವನ್ನೂ ಹೇಳಿದಳು. ಅವರ ನಗು ಇಳಿದುಹೋಯಿತು.

"ಅಪ್ಪ ಅಂಥ ಕೆಲಸ ಮಾಡೋರಲ್ಲ. ಸ್ಕೂಲಲ್ಲಿ ನಂಗೆ ಎರಡು ಮಾರ್ಕ್ಸ್ ಜಾಸ್ತಿ ಬಂದಿತ್ತು ಅಂತ ವಾಪಸ್ ಕರ್ಕೊಂಡು ಹೋಗಿ ಕಡಿಮೆ ಮಾಡಿಸಿದವರು ಅವರು."

"ಆಗ ಅವರನ್ನ ನೋಡಿ ಯಾರೂ ನಕ್ಕಿರ್ಲಿಲ್ಲ" ಎಂದಳು. ಗಂಡ ದಿಂಬು ಸರಿಮಾಡಿಕೊಂಡರು. "ಏನಾದ್ರೂ ಮಾಡು, ನೇರ ಕೇಳಿ ಮಾಡು" ಎಂದು ಮಗ್ಗಲು ತಿರುಗಿದರು.

ಆದರೆ ಅವಳು ನೇರ ಕೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಮಾವ ವಾಕಿಂಗಿಗೆ ಹೋದ ಮೇಲೆ ಅವರ ಕೋಣೆಗೆ ಹೋದಳು. ಹದಿನೈದು ವರ್ಷದಲ್ಲಿ ಒಮ್ಮೆಯೂ ಕೇಳದೆ ಆ ಕೋಣೆಯ ಒಂದು ಕಾಗದವನ್ನೂ ಮುಟ್ಟಿದವಳಲ್ಲ. ದಿಂಬಿನ ಪಕ್ಕದಲ್ಲೇ ನೋಟ್‌ಬುಕ್ ಇತ್ತು. ತೆರೆದಳು. ಮಾವನ ದುಂಡು ಅಕ್ಷರ, ನೀಲಿ ಶಾಯಿ. ಒಂದು ಪುಟದಲ್ಲಿ ಮೇಲಿನಿಂದ ಕೆಳಗೆ ಅಂಕಿಗಳು. ಎಣಿಸಿದಳು. ಮೂವತ್ತೇಳು. ಪಟ್ಟಿಯಲ್ಲಿ ಹೊಸದಾಗಿ ಬಂದು ಕೂತಿದ್ದ ಅಂಕಿಗಳೇ, ಒಂದೂ ವ್ಯತ್ಯಾಸವಿಲ್ಲದೆ.

ಅನುಮಾನ ನಿಜವಾದಾಗ ಒಂದು ಬಗೆಯ ಸಮಾಧಾನ ಸಿಗುತ್ತದೆ ಎನ್ನುತ್ತಾರೆ. ಅವಳಿಗೆ ಅದು ಸಿಗಲಿಲ್ಲ. ತನ್ನನ್ನು ಸೊಸೆಯಾಗಿ ಆರಿಸಿದವರೇ ಈ ಮನುಷ್ಯ. "ಹುಡುಗಿ ಅಂಕಿ ತಪ್ಪಲ್ಲ" ಎಂಬ ಒಂದೇ ಕಾರಣಕ್ಕೆ ಮಗನಿಗೆ ಕೇಳಿ ತಂದಿದ್ದರು. ಅಂಥವರು ತನ್ನ ಹೆಸರನ್ನೇ ಕಳ್ಳಕೀಲಿಯ ಹಾಗೆ ಬಳಸಿಕೊಂಡರೇ?

ಮಧ್ಯಾಹ್ನ ಊಟಕ್ಕೆ ಇಬ್ಬರೇ. ಬಡಿಸಿ ಕೂತವಳು ತಟ್ಟೆ ಮುಟ್ಟದೆ ಕೇಳಿದಳು:

"ಮಾವ, ಹೋದ ಗುರುವಾರ ನನ್ನ ಲ್ಯಾಪ್‌ಟಾಪ್ ಮುಟ್ಟಿದ್ರಾ?"

"ಇಲ್ಲ."

"ಪಟ್ಟಿಯಲ್ಲಿ ಮೂವತ್ತೇಳು ಅಂಕಿ ಬದಲಾಗಿದೆ. ನನ್ನ ಹೆಸರಲ್ಲೇ."

ಮಾವನ ಕೈ ತಟ್ಟೆಯ ಮೇಲೆಯೇ ನಿಂತಿತು. ಮುಖದಲ್ಲಿ ಒಂದು ಕ್ಷಣ ನಿಜವಾದ ಗಾಬರಿ ಹಾದುಹೋಯಿತು. ಸಿಕ್ಕಿಬಿದ್ದವರ ಗಾಬರಿ ಎಂದು ಅವಳು ಅದನ್ನು ಓದಿಕೊಂಡಳು.

"ಪಟ್ಟಿಯಲ್ಲೇನಾ? ಮೂಲ ಪಟ್ಟಿಯಲ್ಲಿ?"

"ಹೌದು. ಅದೇ ಅಂಕಿಗಳು ನಿಮ್ಮ ನೋಟ್‌ಬುಕ್ಕಲ್ಲಿ ಇವೆ. ಅವು ಅಲ್ಲಿಗೆ ಹೇಗೆ ಬಂದವು?"

ನೋಟ್‌ಬುಕ್ ಯಾಕೆ ನೋಡಿದೆ ಎಂದು ಮಾವ ಕೇಳಲಿಲ್ಲ. "ಅದನ್ನ ನಾನು ಹೇಳೋ ಹಾಗಿಲ್ಲಮ್ಮ. ಒಬ್ಬರಿಗೆ ಮಾತು ಕೊಟ್ಟಿದ್ದೀನಿ" ಎಂದರು. "ನಾನು ನಿನ್ನ ಪಟ್ಟಿ ಮುಟ್ಟಿಲ್ಲ. ಅಷ್ಟು ಮಾತ್ರ ಹೇಳ್ತೀನಿ."

"ನಂಬು ಅಂತೀರಾ?"

"ನಂಬು ಅಂತ ನಾನು ಹೇಳಲ್ಲ. ನೀನು ಮಾಡ್ಬೇಕಾದ್ದು ಮಾಡು. ನನ್ನ ಮುಖ ನೋಡ್ಬೇಡ."

ತಟ್ಟೆ ಎತ್ತಿಕೊಂಡು ಎದ್ದುಹೋದರು. ಅರ್ಧ ಊಟ ಹಾಗೇ ಉಳಿದಿತ್ತು.

ಆ ದಿನವೆಲ್ಲ ಅವಳ ತಲೆಯೊಳಗೆ ಹುಳ ಬಿಟ್ಟಂತಾಗಿತ್ತು. ಸದ್ದಿಲ್ಲದೆ ಹಳೆಯ ಅಂಕಿಗಳನ್ನು ಮತ್ತೆ ಬರೆದುಬಿಟ್ಟರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ಒಮ್ಮೆ ಕಣ್ಣುಮುಚ್ಚಿಕೊಂಡ ಮೇಲೆ ಆ ಪಟ್ಟಿಯನ್ನು ಅವಳು ಮುಂದೆ ಯಾವ ಮುಖ ಹೊತ್ತು ಕಾಯಬೇಕು? ಶುಕ್ರವಾರ ಪಟ್ಟಿ ಹೊರಗಿನ ನಾಲ್ಕಾರು ವೀಕ್ಷಣಾಲಯಗಳಿಗೆ ಹೋಗುವುದಿತ್ತು. ಕೊನೆಗೆ ಕಾಗದದ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುಖ್ಯಸ್ಥರ ಕೋಣೆ. ಎತ್ತರದ ಕಿಟಕಿ, ಅದರ ಕೆಳಗೆ ಮೂರು ಕುರ್ಚಿ, ಮೇಜಿನ ಮೇಲೆ ಬೀಗದ ಕೈ ಗೊಂಚಲು, ಆರಿದ ಕಾಫಿ. ಮುಖ್ಯಸ್ಥರ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಹಿಂದೊಮ್ಮೆ ನಕ್ಷೆಯ ಮೇಲೆ ಚಹಾ ಚೆಲ್ಲಿದವನನ್ನು ಆರು ತಿಂಗಳು ಒಳಗೆ ಬಿಟ್ಟುಕೊಂಡಿರಲಿಲ್ಲ. ಅವಳು ಗುಡುಗಿಗೆ ಸಿದ್ಧಳಾಗಿಯೇ ಕಾಗದ ಹರಡಿ, ಬದಲಾದ ಸಾಲುಗಳನ್ನು ತೋರಿಸಿದಳು. ಮಾವನ ಹೆಸರನ್ನು ಕೊನೆಗೆ ಹೇಳೋಣವೆಂದು ಗಂಟಲಲ್ಲೇ ಇಟ್ಟುಕೊಂಡಿದ್ದಳು.

ಗುಡುಗು ಬರಲಿಲ್ಲ. ಮುಖ್ಯಸ್ಥರ ಮುಖ ಬಿಳುಪೇರಿತು. ಕಾಗದದ ಮೇಲೆ ಬೆರಳಾಡಿಸುತ್ತ ಮೆಲ್ಲಗೆ, "ಮೂಲದಲ್ಲೇ ಬದಲಾಗಿದೆಯಾ" ಎಂದರು. ಆಮೇಲೆ, "ಸರಿ. ಇದನ್ನ ನಾನು ನೋಡ್ಕೋತೀನಿ. ಯಾರಿಗೂ ಹೇಳೋಕೆ ಹೋಗ್ಬೇಡಿ" ಎಂದರು.

ಮಾವ ಕೇಳಿದ್ದೂ ಇದೇ ಪ್ರಶ್ನೆ. ಮೂಲ ಪಟ್ಟಿಯಲ್ಲಾ ಎಂದು. ಹಾಗಾದರೆ ಮೂಲವಲ್ಲದ ಪಟ್ಟಿಯೊಂದು ಇದೆಯೆಂದು ಇಬ್ಬರಿಗೂ ಗೊತ್ತಿದೆ. ಯಾರು ಮಾಡಿದ್ದು ಎಂದು ಮಾತ್ರ ಈ ಮನುಷ್ಯ ಕೇಳಲೇ ಇಲ್ಲವಲ್ಲ. ಮನೆಗೆ ಕಳ್ಳ ನುಗ್ಗಿದ ಎಂದರೆ ಯಜಮಾನ ಮೊದಲು ಕೇಳುವುದೇ ಅದನ್ನು. ಅವಳ ಅನುಮಾನ ಮುಖ್ಯಸ್ಥರ ಕಡೆಗೆ ತಿರುಗಿ ಕೂತಿತು.

"ಸರ್, ನನ್ನ ಪಾಸ್‌ವರ್ಡ್ ಬರೆದಿಟ್ಟ ಲಕೋಟೆ ನಿಮ್ಮ ಲಾಕರಲ್ಲಿದೆ. ನಾನು ಕಾಯಿಲೆ ಬಿದ್ದರೆ ಬೇಕಾಗುತ್ತೆ ಅಂತ ಕೊಟ್ಟಿದ್ದು. ಅದನ್ನ ಒಂದ್ಸಲ ನೋಡ್ಬೇಕಿತ್ತು."

"ಲಾಕರಿನ ಕೀ ಮನೇಲಿದೆ."

ಅವಳು ಮೇಜಿನ ಮೇಲಿದ್ದ ಗೊಂಚಲನ್ನು ನೋಡಿದಳು. ಅವರೂ ನೋಡಿದರು. ಅವಳು ಕುರ್ಚಿಯಿಂದ ಏಳಲಿಲ್ಲ. ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದ ಸದ್ದು ಕಾರಿಡಾರಿನ ಕೊನೆಯವರೆಗೂ ಹೋಗಿ ಅಡಗಿತು.

ಮುಖ್ಯಸ್ಥರು ಎದ್ದು ಲಾಕರು ತೆರೆದರು. ಲಕೋಟೆಯ ಮೇಲೆ ಅಂಟಿನ ಗೆರೆಗೆ ಅಡ್ಡಲಾಗಿ ಅವಳು ಹಾಕಿದ್ದ ಸಹಿ ಎರಡು ತುಂಡಾಗಿತ್ತು. ತುಂಡುಗಳ ಮೇಲೆ ಟೇಪು.

"ಆರು ತಿಂಗಳ ಹಿಂದೆ" ಎಂದು ಅವರು ಕಿಟಕಿಯ ಕಡೆ ತಿರುಗಿ ಶುರುಮಾಡಿದರು, "ನಮ್ಮ ಹೊಸ ಅಳತೆಗಳನ್ನ ದಿಕ್ಕಿನ ಪ್ರಕಾರ ಬೇರೆ ಬೇರೆ ಮಾಡಿ ನೋಡ್ದೆ. ಖಾಲಿ ದಿಕ್ಕಿನವು ಬೇರೆಯವುಗಳ ಜೊತೆ ಕೂರ್ತಿರ್ಲಿಲ್ಲ. ಮಂಕು ಸ್ವಲ್ಪ ಜಾಸ್ತಿ. ಮೇಷ್ಟ್ರು ಹೇಳಿದ್ದ ಕಡೆಗೇ ಜಾಸ್ತಿ. ನಾಲ್ಕು ದಿನ ನಿದ್ದೆ ಬರ್ಲಿಲ್ಲ. ಆಮೇಲೆ ಅವರಿಗೇ ಫೋನ್ ಮಾಡ್ದೆ."

"ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. 'ಯಾವ ದಿಕ್ಕು, ಎಷ್ಟು ನಕ್ಷತ್ರ' ಅಂತ ಕೇಳಿದ್ರು, ಅಷ್ಟೇ."

ಅಂದಿನಿಂದ ಇಬ್ಬರೂ ಫೋನಿನಲ್ಲೇ ಲೆಕ್ಕ ಮಾಡುತ್ತಿದ್ದರು. ಬಯಲು ದಾಟುವಾಗ ಒಂದೊಂದು ಬೆಳಕೂ ಎಷ್ಟು ಮಂಕಾಗಿರಬಹುದು ಎಂದು ಮಾವ ಕೈಯಲ್ಲಿ ಲೆಕ್ಕ ಹಾಕಿ, ಅದನ್ನು ಕಳೆದರೆ ಉಳಿಯುವ ಅಂಕಿ ಹೇಳುವುದು, ಇವರು ಬರೆದುಕೊಳ್ಳುವುದು. ಲೆಕ್ಕ ಖಚಿತವಾಗುವವರೆಗೆ, ತಾನು ಮೇಷ್ಟ್ರ ಹಾದಿ ಹಿಡಿದದ್ದು ಯಾರಿಗೂ ತಿಳಿಯಬಾರದು, ಸೊಸೆಗೂ ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದರು. ಆ ಗುರುವಾರ ಅವಳು ಕಚೇರಿಯಲ್ಲಿರಲಿಲ್ಲ. ಪಟ್ಟಿಯ ನಕಲು ತೆಗೆಯಲೂ ಅವಳ ಪಾಸ್‌ವರ್ಡೇ ಬೇಕು. ಮುಖ್ಯಸ್ಥರು ಲಕೋಟೆ ಹರಿದರು, ನಕಲು ತೆಗೆದರು, ಅಂಕಿ ತುಂಬುವಾಗ ಬಾಗಿಲು ಬಡಿದ ಸದ್ದಾಗಿ ಗಡಿಬಿಡಿಯಲ್ಲಿ ಮೂಲವನ್ನೇ ತಿದ್ದಿಬಿಟ್ಟರು. ನಕಲಿನಲ್ಲಿ ಬರೆದೆನೆಂದೇ ಇಂದಿನವರೆಗೂ ನಂಬಿದ್ದರು.

ಪಟ್ಟಿಯಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಕೇಳುತ್ತಿರುವಾಗಲೂ ಇದರಲ್ಲೆಷ್ಟು ನಿಜ ಎಂದು ತೂಗುತ್ತಿದ್ದಳು. ಆದರೆ ನಿನ್ನೆ ಮಾವನ ಮುಖದಲ್ಲಿ ಹಾದುಹೋದ ಗಾಬರಿ ಈಗ ಬೇರೆಯಾಗಿ ಕಂಡಿತು. ಸಿಕ್ಕಿಬಿದ್ದದ್ದಕ್ಕಲ್ಲ, ಶಿಷ್ಯ ಮೂಲವನ್ನೇ ಕೆಡಿಸಿಟ್ಟಿದ್ದಾನಲ್ಲ ಎಂಬುದಕ್ಕೆ.

"ನಾನು ಈ ಕೆಲಸಾನ ನಮ್ಮ ಮಾವನ ಮೇಲೆ ಹಾಕಿದ್ದೆ ಸರ್" ಎಂದಳು. "ಮುಖಕ್ಕೇ ಕೇಳ್ದೆ. ಅವರು ನಿಮಗೆ ಕೊಟ್ಟ ಮಾತಿಗೆ ಬಾಯಿ ಬಿಡ್ಲಿಲ್ಲ."

ಮುಖ್ಯಸ್ಥರು ಕುರ್ಚಿಯಲ್ಲಿ ಕುಸಿದು ಕೂತರು. "ಈಗೇನು ಮಾಡೋಣ ಹೇಳಿ" ಎಂದರು. ಹದಿನೆಂಟು ವರ್ಷದಲ್ಲಿ ಅವಳನ್ನು ಅವರು ಹಾಗೆ ಕೇಳಿದ್ದು ಅದೇ ಮೊದಲು.

"ಹಳೆ ಅಂಕಿ ವಾಪಸ್ ಹಾಕ್ತೀನಿ. ಯಾಕೆ ಹಾಕಿದೆ, ಯಾರು ತಿದ್ದಿದ್ರು ಅಂತ ದಾಖಲೆಯಲ್ಲಿ ನೀವು ಬರೀರಿ. ನಿಮ್ಮ ಹೆಸರಲ್ಲಿ. ಈಗಲೇ."

"ನಾಳೆ ಬರೆದ್ರೆ…"

"ಈಗಲೇ ಸರ್."

ಅವರು ಬರೆದರು. ಅವಳು ಹಿಂದೆ ನಿಂತು ಪ್ರತಿ ಅಕ್ಷರವನ್ನೂ ಓದಿದಳು. 'ಅಜಾಗರೂಕತೆಯಿಂದ' ಎಂದು ಬರೆದದ್ದರ ಹಿಂದೆ 'ಅನುಮತಿಯಿಲ್ಲದೆ' ಎಂಬುದನ್ನೂ ಬರೆಸಿದಳು. ಮಧ್ಯಾಹ್ನ ಮೂವತ್ತೇಳು ಸಾಲುಗಳನ್ನು ಕಾಗದ ನೋಡಿ ಮತ್ತೆ ತುಂಬಿದಳು. ಎರಡು ಸಲ ಓದಿ, ಮೂರನೆಯ ಸಲ ಕೊನೆಯಿಂದ ಮೊದಲಿಗೆ ಓದಿದಳು.

ಮನೆಗೆ ಬಂದಾಗ ಮಾವ ಬಾಲ್ಕನಿಯಲ್ಲಿದ್ದರು. ಅವಳು ಎದುರಿನ ಮಣೆಯ ಮೇಲೆ ಕೂತಳು.

"ಅವರು ಎಲ್ಲ ಹೇಳಿದ್ರು ಮಾವ. ನನ್ನದು ತಪ್ಪಾಯ್ತು."

"ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅನುಮಾನ ಪಡ್ತಿದ್ದೆ. ಎಲ್ಲವೂ ನನ್ನ ಕಡೆಗೇ ಬೆರಳು ತೋರಿಸ್ತಿತ್ತು."

"ಕೋಣೆಗೆ ಹೋಗಿ ಹುಡುಕಬಾರದಿತ್ತು."

"ಹೌದು, ಅದು ಮಾಡಬಾರದಿತ್ತು" ಎಂದರು ಮಾವ. ಅಷ್ಟು ನೇರವಾಗಿ ಹೇಳುತ್ತಾರೆ ಎಂದು ಅವಳು ಎಣಿಸಿರಲಿಲ್ಲ. ಹೋಗಲಿ ಬಿಡು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವಳೂ ಅದನ್ನು ಕೇಳಿ ಪಡೆಯಲು ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಮುಖ್ಯಸ್ಥರು ಮನೆಗೆ ಬಂದರು. ಹೊಸಲಿನಾಚೆ ನಿಂತು ಒಳಗೆ ಬರಲೋ ಬೇಡವೋ ಎಂಬಂತೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದರು. ಇರುವೆಯ ಮಾತನ್ನು ಎತ್ತಿ ಏನೋ ಹೇಳಹೊರಟರು. ಮಾವ ಕೈಯೆತ್ತಿ ತಡೆದರು.

"ಅದು ಆಮೇಲೆ. ಮೊದಲು ಹತ್ತೊಂಬತ್ತನೇ ನಕ್ಷತ್ರದ ಲೆಕ್ಕ ನೋಡು. ನಾನು ತಪ್ಪು ಮಾಡಿದ್ದೀನಿ."

ಇಬ್ಬರೂ ಊಟದ ಮೇಜಿಗೆ ಕೂತರು. ಪಟ್ಟಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬಯಲಿನ ಅಂಚು ಎಲ್ಲಿ ಎಂಬುದರ ಮೇಲೆ ಜಗಳವಾಯಿತು. ಶಿಷ್ಯನ ದನಿ ಏರಿತು, ಗುರುವಿನ ದನಿಯೂ ಏರಿತು. ಹಲ್ಲಿನ ಡಾಕ್ಟರು ಒಳಬಂದು, "ಇವರಿಬ್ಬರಿಗೆ ಬಾಯಿ ಮರಗಟ್ಟಿಸೋ ಸೂಜಿ ಕೊಡ್ಲಾ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದರು.

ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಬಂದ ಉತ್ತರ ಯಾರನ್ನೂ ಹೆಗಲ ಮೇಲೆ ಹೊತ್ತು ಮೆರೆಸುವಂಥದಾಗಿರಲಿಲ್ಲ. ಬಯಲುಗಳ ಪರಿಣಾಮ ಇದೆ. ಆದರೆ ಕಾಣದ ಶಕ್ತಿಯನ್ನು ಪೂರ್ತಿ ಅಳಿಸಿಹಾಕುವಷ್ಟು ಇದೆ ಎನ್ನಲು ಸಾಲದು. ಒಂದು ಪಾಲನ್ನು ಅದು ವಿವರಿಸಬಹುದು, ಎಷ್ಟು ಪಾಲು ಎಂಬುದು ಸರಾಸರಿ ತೆಗೆಯುವ ರೀತಿಯ ಮೇಲೆ ನಿಂತಿದೆ. ಮೂವತ್ತೇಳು ನಕ್ಷತ್ರ ತೀರಾ ಕಡಿಮೆ. ಗುರುಶಿಷ್ಯರಿಬ್ಬರ ಹೆಸರಲ್ಲಿ ಒಂಬತ್ತು ಪುಟದ ಪ್ರಬಂಧ ಹೊರಬಂತು. ಕೆಲವರು ಮೆಚ್ಚಿದರು, ಕೆಲವರು ನಕ್ಕರು. ಈ ಸಲ ನಗೆಗೆ ಗುರಿಯಾಗಲು ಇಬ್ಬರಿದ್ದರು.

ಮಾವ ಮೊದಲಿನಂತೆ ಅವಳೊಡನೆ ಮಾತಾಡುತ್ತಾರೆ. ಆದರೆ ಈಗ ವಾಕಿಂಗಿಗೆ ಹೋಗುವಾಗ ಕೋಣೆಯ ಬಾಗಿಲೆಳೆದುಕೊಂಡು ಹೋಗುತ್ತಾರೆ. ಮೊದಲು ಎಳೆದುಕೊಳ್ಳುತ್ತಿರಲಿಲ್ಲ. ಅವಳು ಅದನ್ನು ದಿನವೂ ನೋಡುತ್ತಾಳೆ.

ಕಳೆದ ವಾರ ಖಾಲಿ ದಿಕ್ಕಿನಲ್ಲಿ ಸಿಡಿದ ಹನ್ನೆರಡು ಹೊಸ ನಕ್ಷತ್ರಗಳು ಪಟ್ಟಿಗೆ ಸೇರಿದವು. ಬೆಳಗಿನ ಕಾಫಿಯ ಹೊತ್ತಿಗೆ ಮಾವ ಪೇಪರಿನ ಹಿಂದಿನಿಂದಲೇ ಕೇಳಿದರು:

"ಹೇಗಿವೆ? ಮಂಕೇನಾ?"

"ಎಲ್ಲರಿಗೂ ಕೊಡೋ ದಿನ ನಿಮಗೂ ಕೊಡ್ತೀನಿ ಮಾವ."

ಮಾವ ಪೇಪರು ಇಳಿಸಿ ಅವಳನ್ನು ನೋಡಿದರು. "ಸರಿ" ಎಂದರು. ಲೋಟವನ್ನು ಮುಂದೆ ಚಾಚಿ, "ಹಾಗಾದ್ರೆ ಇನ್ನರ್ಧ ಲೋಟ ಕಾಫಿ ಆದ್ರೂ ಕೊಡು" ಎಂದರು.